ಬಿಪಿ, ಹಾರ್ಟ್ ಮಾತ್ರೆ ನುಂಗುವವರು ವಾಕಿಂಗ್‌ನಲ್ಲಿ ನಾಡಿ ನೋಡುವುದು ಹೇಗೆ?

ನಮ್ಮ ಬೀದಿಯ ಹಿರಿಯರೊಬ್ಬರಿಗೆ 60 ವರ್ಷ. ಸ್ಟೆಂಟ್ ಹಾಕಿಸಿಕೊಂಡು ಮೂರು ತಿಂಗಳಾಗಿದೆ. ಮೊನ್ನೆ ಲಾಲ್‌ಬಾಗ್ ಬಂಡೆಯನ್ನು ಏದುಸಿರು ಬಿಡುತ್ತಾ ಹತ್ತುತ್ತಿದ್ದರು. ‘112 ಬರಬೇಕು ಕಣಯ್ಯಾ, ವಾಚು 96 ದಾಟ್ತಾನೇ ಇಲ್ಲ’ ಅಂದರು. 220ರಲ್ಲಿ ವಯಸ್ಸು ಕಳೆದು, ಉಳಿದ 160 ಅನ್ನು ನಿಮಿಷದ ಗರಿಷ್ಠ ನಾಡಿಬಡಿತ ಎಂದುಕೊಂಡು, ಅದಕ್ಕೆ ಶೇ 70 ಹಿಡಿದ ಲೆಕ್ಕ ಅದು. ಲೆಕ್ಕ ತಪ್ಪಿಲ್ಲ, ಅವರಿಗೆ ಹೊಂದುವುದಿಲ್ಲ ಅಷ್ಟೇ. ಅವರು ದಿನಾ ನುಂಗುವುದು ಮೆಟೊಪ್ರೊಲಾಲ್. ಅಟೆನೊಲಾಲ್, ಬಿಸೊಪ್ರೊಲಾಲ್ ಕೂಡ ಅದೇ ಬಳಗ, ಬೀಟಾ ಬ್ಲಾಕರ್. ಅಡ್ರಿನಲಿನ್ ಹಾರ್ಮೋನು ‘ಓಡು’ ಅಂದರೂ ಇವು ಹೃದಯದ ಓಟಕ್ಕೆ ಲಗಾಮು ಹಾಕುತ್ತವೆ. 96ಕ್ಕೇ ಉಸಿರು ಕಟ್ಟುತ್ತಿದೆ ಎಂದರೆ ಸಾಕಷ್ಟು ದುಡಿದಾಗಿದೆ ಅಂತ ಅರ್ಥ.

1. ನಿಮ್ಮ ಮಿತಿ ಎಷ್ಟು ಎಂದು ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ. ನಿಮ್ಮ ಮಾತ್ರೆ ತೆಗೆದುಕೊಂಡೇ ಮಾಡಿಸಿದ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಇದ್ದರೆ ಅವರಿಗೆ ಲೆಕ್ಕ ಸುಲಭ. ನಂಬರ್ ಏರಲಿ ಅಂತ ಬೆಳಗಿನ ಮಾತ್ರೆ ಬಿಡುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

2. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ ಬರೆದಿಡಿ.

3. ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ.

4. ಎಲ್ಲರೂ ಎಡವುವುದು ನಡುವೆ ನಾಡಿ ಎಣಿಸುವಾಗ. ಬೆಂಚು ಹುಡುಕಿ, ಕೂತು, ನೀರು ಕುಡಿದು ಎಣಿಸಿದರೆ ಅಷ್ಟರಲ್ಲಿ ನಾಡಿ ಇಳಿದಿರುತ್ತದೆ. ನಿಂತ ಕೂಡಲೇ ಎಣಿಸಬೇಕು. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಲ್ಲಿ ಒತ್ತಬೇಡಿ, ಅದರದ್ದೇ ಬಡಿತ ಕೈಗೆ ಸಿಗುತ್ತದೆ. ಕುತ್ತಿಗೆ ಒತ್ತುವುದಂತೂ ಬೇಡವೇ ಬೇಡ, ತಲೆ ಸುತ್ತಬಹುದು. ಸೆಕೆಂಡು ಶುರುವಾದಾಗ ಬಿದ್ದ ಬಡಿತಕ್ಕೆ ‘ಸೊನ್ನೆ’ ಎನ್ನಿ, ‘ಒಂದು’ ಅಲ್ಲ. 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಒಂದು ಬಡಿತ ತಪ್ಪಿದರೆ ನಾಲ್ಕು ತಪ್ಪಿದಂತೆ, ಅಲ್ವಾ? ನಾಡಿ ತಾಳ ತಪ್ಪಿ ಬಡಿಯುವವರು ಪೂರ್ತಿ ನಿಮಿಷ ಎಣಿಸಲಿ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ತೊಂದರೆ) ಇದ್ದರೆ ಕೆಲವು ಬಡಿತ ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ಅಂಥವರಿಗೆ ಮುಂದಿನ ಹಂತವೇ ಗತಿ.

ವಾಚು ಕಟ್ಟುವುದಾದರೆ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಅಲುಗಾಡದಂತೆ ಕಟ್ಟಿ. ಬಳೆಯ ಹಾಗೆ ಜೋತು ಬಿದ್ದ ವಾಚು ಕೆಲವೊಮ್ಮೆ ಹೆಜ್ಜೆಯನ್ನೇ ನಾಡಿ ಎಂದು ತೋರಿಸುತ್ತದೆ. ದುಡ್ಡು ಹಾಕುವುದಿದ್ದರೆ ಎದೆಗೆ ಕಟ್ಟುವ ಪಟ್ಟಿ ಕೊಳ್ಳಿ.

5. ಉಸಿರನ್ನು ಕೇಳಿ. ನನ್ನ ನಂಬಿಕೆ ಜಾಸ್ತಿ ಇದರ ಮೇಲೆಯೇ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಈ ‘ಎಷ್ಟು ಕಷ್ಟ’ ಅನ್ನುವುದಕ್ಕೇ 6ರಿಂದ 20ರವರೆಗೆ ಅಂಕ ಕೊಟ್ಟರು. ಆರೋಗ್ಯವಂತರಲ್ಲಿ ಅದನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನಾಡಿಯೇ ಸಿಗುತ್ತದೆ. ಮಾತ್ರೆ ನುಂಗುವವರಿಗೆ ಆ ಗುಣಾಕಾರ ಹೊಂದದು, ಅಂಕ ಹೊಂದುತ್ತದೆ. 11ರಿಂದ 13, ಅಂದರೆ ‘ಹಗುರ’ದಿಂದ ‘ಸ್ವಲ್ಪ ಕಷ್ಟ’ದವರೆಗೆ ಇದ್ದರೆ ಸಾಕು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳುವುದನ್ನು ಈ ಬೀಟಾ ಬ್ಲಾಕರ್ ಮಾತ್ರೆಗಳು ಮರೆಮಾಡುತ್ತವೆ. ಬೆವರು ಮಾತ್ರ ಸುಳಿವು ಕೊಡಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ.

6. ಕೊನೆಯ ಹತ್ತು ನಿಮಿಷ ಮತ್ತೆ ನಿಧಾನ. ಎದೆ ಬಿಗಿತ, ತಲೆಸುತ್ತು, ದವಡೆಗೋ ಎಡಗೈಗೋ ನೋವು ಬಂದರೆ ಅಲ್ಲೇ ಕೂರಿ. ವೈದ್ಯರು ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಅವರು ಹೇಳಿದಂತೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ. ‘ಗ್ಯಾಸ್ ಇರಬೇಕು’ ಅಂತ ಮನೆವರೆಗೆ ನಡೆಯಬೇಡಿ.

ನಮ್ಮ ಹಿರಿಯರಿಗೆ ವೈದ್ಯರು 95 ದಾಟಬೇಡಿ ಎಂದು ಬರೆದುಕೊಟ್ಟಿದ್ದಾರೆ. ಸುಮಾರು 300 ಕೋಟಿ ವರ್ಷದ ಆ ಬಂಡೆಯನ್ನು ಈಗ ಸುತ್ತು ಹಾಕಿಕೊಂಡು ಹೋಗುತ್ತಾರೆ.