ಹಳೆಯ ಕೊಲೆ ಕೇಸಿನ ಪುಸ್ತಕ ಓದುವುದು ಹೇಗೆ?

ಹಳೆಯ ಕಾಲದ ಕೊಲೆಗಾರರ ಪುಸ್ತಕ ಕೈಗೆ ಸಿಕ್ಕರೆ ನಾವೆಲ್ಲ ಮೊದಲು ಹುಡುಕುವುದು ಒಂದೇ, ಅವನು ಸಿಕ್ಕಿಬಿದ್ದದ್ದು ಹೇಗೆ ಅಂತ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಮುಚ್ಚಿಟ್ಟರೆ ಅರ್ಧ ಪುಸ್ತಕ ಓದದೇ ಬಿಟ್ಟ ಹಾಗೆ. ಹೆಂಡತಿಯನ್ನು ಕೊಂದ ಆರೋಪ ಹೊತ್ತು ಪ್ರೇಯಸಿಯ ಜೊತೆ ಪರಾರಿಯಾಗಿದ್ದ ಲಂಡನ್ನಿನ ಡಾ. ಕ್ರಿಪ್ಪನ್ ಕೇಸನ್ನೇ ಮುಂದಿಟ್ಟುಕೊಂಡು ನಾನು ಓದುವ ಕ್ರಮ ಹೇಳುತ್ತೇನೆ. ಹೊಸದಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕೇಸು ಇಲ್ಲ.

ಬಂಧನದ ಕಥೆ ಎಲ್ಲರಿಗೂ ಇಷ್ಟ. 1910ರ ಜುಲೈ. ಮಾಂಟ್‌ರೋಸ್ ಹಡಗು ಆಂಟ್‌ವರ್ಪ್‌ನಿಂದ ಕೆನಡಾಕ್ಕೆ ಹೊರಟಿದೆ. ಅದರಲ್ಲಿ ರಾಬಿನ್‌ಸನ್ ಅಂತ ಹೆಸರು ಕೊಟ್ಟ ಒಬ್ಬ ಅಪ್ಪ, ಜೊತೆಗೆ ಮಗ. ಇವರಿಬ್ಬರು ಕೈ ಹಿಡಿದುಕೊಂಡು ಓಡಾಡುವ ರೀತಿ ಕ್ಯಾಪ್ಟನ್ ಕೆಂಡಾಲ್‌ಗೆ ಯಾಕೋ ಸರಿ ಕಾಣಲಿಲ್ಲ. ಹುಡುಗನ ಪ್ಯಾಂಟು ಹಿಂದೆ ಹರಿದಿತ್ತು, ಅದಕ್ಕೆ ಸೇಫ್ಟಿ ಪಿನ್ ಹಾಕಿತ್ತು. ಆ 'ಅಪ್ಪ'ನೇ ಕ್ರಿಪ್ಪನ್, 'ಹುಡುಗ' ಅವನ ಪ್ರೇಯಸಿ ಎಥೆಲ್. ಕ್ಯಾಪ್ಟನ್ ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸಿದ, ಲಂಡನ್ ಪೊಲೀಸ್ ಇನ್‌ಸ್ಪೆಕ್ಟರ್ ಡ್ಯೂ ಇನ್ನೂ ವೇಗವಾಗಿ ಹೋಗುವ ಲಾರೆಂಟಿಕ್ ಹಡಗು ಹತ್ತಿ, ಇವರಿಗಿಂತ ಮೊದಲೇ ಕೆನಡಾ ಮುಟ್ಟಿ, ಜುಲೈ 31ರಂದು ಇಬ್ಬರನ್ನೂ ಹಿಡಿದ.

ಇಲ್ಲಿಗೆ ಬಂದಾಗ ನಿಲ್ಲಿ. ಪುಟ ಹಿಂದಕ್ಕೆ ತಿರುಗಿಸಿ, ಪೊಲೀಸರಿಗೆ ಮೊದಲು ಹೇಳಿದ್ದು ಯಾರು ಅಂತ ನೋಡಿ. ಕ್ರಿಪ್ಪನ್‌ನ ಹೆಂಡತಿ ಕೋರಾ ರಂಗದ ಮೇಲೆ ಹಾಡುತ್ತಿದ್ದವಳು, ಮ್ಯೂಸಿಕ್ ಹಾಲ್ ಲೇಡೀಸ್ ಗಿಲ್ಡ್ ಅನ್ನುವ ರಂಗದ ಹೆಂಗಸರ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವಳು. ಅವಳು ಇದ್ದಕ್ಕಿದ್ದಂತೆ ಕಾಣೆಯಾದ ಮೇಲೆ, ರಾಜೀನಾಮೆ ಕೊಟ್ಟಳು ಅಂತ ಸಂಘಕ್ಕೆ ಬಂದ ಪತ್ರದಲ್ಲಿ ಅವಳ ಕೈಬರಹ ಇರಲಿಲ್ಲ. ಆಮೇಲೆ ಅವಳ ಬ್ರೂಚ್ ಎಥೆಲ್ ಮೈಮೇಲೆ ಕಾಣಿಸಿತು. ಕೋರಾ ಅಮೆರಿಕಾದಲ್ಲಿ ತೀರಿಕೊಂಡಳು ಅಂತ ಗಂಡ ಹೇಳಿದಾಗಲೂ ಗೆಳತಿಯರು ಸುಮ್ನೆ ಕೂರಲಿಲ್ಲ. ಬೆನ್ನು ಬಿಡದೆ ವಿಚಾರಿಸಿದರು, ಕೊನೆಗೆ ಸ್ನೇಹಿತರ ದೂರು ಲಂಡನ್ ಪೊಲೀಸರ ಮುಖ್ಯ ಕಚೇರಿ ಸ್ಕಾಟ್‌ಲೆಂಡ್ ಯಾರ್ಡ್‌ಗೆ ಹೋಯಿತು. ನನ್ನ ಮಟ್ಟಿಗೆ ನಿಜವಾದ ಪತ್ತೇದಾರರು ಇವರೇ. ಒಂದು ಪುಸ್ತಕ ಇವರಿಗೆ ಎಷ್ಟು ಪುಟ ಕೊಟ್ಟಿದೆ ಅಂತ ನೋಡಿಯೇ ನಾನು ಅದನ್ನು ಅಳೆಯುತ್ತೇನೆ. ಕೋರಾ ಜಗಳಗಂಟಿ, ದುಂದುಗಾರ್ತಿ ಅಂತ ಬರೆದಿದ್ದರೆ ಆ ಮಾತು ಯಾರ ಬಾಯಿಂದ ಬಂದದ್ದು ಅಂತ ಕೇಳಿಕೊಳ್ಳಿ. ಬಹಳಷ್ಟು ಸಲ ಕ್ರಿಪ್ಪನ್ ಕಡೆಯವರದ್ದೇ ಆಗಿರುತ್ತದೆ. ಸತ್ತವಳು ಉತ್ತರ ಕೊಡಲು ಬರುವುದಿಲ್ಲ, ಅಲ್ವಾ?

ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬರೀ ತಾರೀಖು ಬರೆಯುತ್ತಾ ಹೋಗಿ. ಇದರಿಂದ ಏನು ಲಾಭ ಅಂತೀರಾ? ಕ್ರಿಪ್ಪನ್ ಮನೆಯ ಕಲ್ಲಿದ್ದಲು ಕೋಣೆಯ ಇಟ್ಟಿಗೆ ನೆಲದ ಕೆಳಗೆ ಸಿಕ್ಕ ದೇಹದ ಭಾಗಗಳ ಜೊತೆ ಒಂದು ಪೈಜಾಮದ ಅಂಗಿಯ ತುಂಡು ಇತ್ತು. ಇವೆಲ್ಲ ಕ್ರಿಪ್ಪನ್ ದಂಪತಿ ಆ ಮನೆಗೆ ಬರುವ ಮೊದಲೇ ಇದ್ದಿರಬೇಕು ಅನ್ನುವುದು ಕ್ರಿಪ್ಪನ್ ಪರ ವಾದ. ಅವರು ಬಂದದ್ದು 1905ರಲ್ಲಿ. ಅಂಗಿಯ ಪಟ್ಟಿಯಲ್ಲಿ ಅಂಗಡಿಯ ಹೆಸರಿನ ಮುಂದೆ 'ಲಿಮಿಟೆಡ್' ಅಂತಿತ್ತು, ಆ ಅಂಗಡಿ ಲಿಮಿಟೆಡ್ ಕಂಪನಿ ಆದದ್ದೇ 1906ರಲ್ಲಿ. ಎರಡು ತಾರೀಖು ಅಕ್ಕಪಕ್ಕ ಬರೆದು ನೋಡಿ, ವಾದ ಅಲ್ಲೇ ಕುಸಿಯುತ್ತದೆ.

ಸಂಭಾಷಣೆ ಜಾಸ್ತಿ ಇರುವ ಪುಸ್ತಕದ ಬಗ್ಗೆ ಹುಷಾರಾಗಿರಿ. ಮುಚ್ಚಿದ ಬಾಗಿಲ ಹಿಂದೆ ಗಂಡ ಹೆಂಡತಿ ಏನು ಮಾತಾಡಿದರು ಅಂತ ಲೇಖಕರಿಗೆ ಹೇಗೆ ಗೊತ್ತು? ಕೊನೆಯಲ್ಲಿ ಆಧಾರ ಕೊಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಅದನ್ನು ಕಾದಂಬರಿ ಅಂತಲೇ ಓದಿ.

ಆಮೇಲೆ ವಿಚಾರಣೆ. ಲಂಡನ್ನಿನ ಓಲ್ಡ್ ಬೇಲಿ ಕ್ರಿಮಿನಲ್ ಕೋರ್ಟಿನ 1913ರವರೆಗಿನ ದಾಖಲೆಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಈ ಕೇಸೂ ಅದರಲ್ಲಿದೆ. ಸಾಕ್ಷಿಗಳ ಹೇಳಿಕೆ, ಪಾಟಿ ಸವಾಲು ಎಲ್ಲ ಓದಬಹುದು. ಇಂಗ್ಲಿಷ್ ಸ್ವಲ್ಪ ಹಳೆಯದು, ದಿನಕ್ಕೆ ಎರಡು ಸಾಕ್ಷಿ ಸಾಕು. ಐದು ದಿನ ನಡೆದ ವಿಚಾರಣೆಯ ಕೊನೆಗೆ ಅವನು ತಪ್ಪಿತಸ್ಥ ಅನ್ನಲು ಜ್ಯೂರಿ ತೆಗೆದುಕೊಂಡದ್ದು ಬರೀ 27 ನಿಮಿಷ. ನವೆಂಬರ್ 23ರಂದು ಕ್ರಿಪ್ಪನ್‌ಗೆ ಗಲ್ಲಾಯಿತು. ಎಥೆಲ್ ಬಿಡುಗಡೆಯಾದಳು.

ಕೊಳ್ಳುವಾಗ ಅಚ್ಚಾದ ವರ್ಷ ನೋಡಲು ಮರೆಯಬೇಡಿ. 2007ರಲ್ಲಿ ಮಿಷಿಗನ್‌ನ ವಿಜ್ಞಾನಿಗಳು ಕೋರ್ಟಿಗೆ ತೋರಿಸಿದ್ದ ಆ ಕಾಲದ ಸೂಕ್ಷ್ಮದರ್ಶಕದ ಸ್ಲೈಡಿನಿಂದಲೇ ಡಿಎನ್ಎ ತೆಗೆದು, ಇದು ಕೋರಾಳ ದೇಹ ಅಲ್ಲ ಅಂದರು. ಅದನ್ನು ಒಪ್ಪದವರೂ ಇದ್ದಾರೆ. ಹಳೆಯ ಪುಸ್ತಕದಲ್ಲಿ ಈ ಜಗಳ ಇರುವುದಿಲ್ಲ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಗಲ್ಲಿನ ತಾರೀಖಿನ ಕೆಳಗೆ ಒಂದು ಪುಟ ಖಾಲಿ ಬಿಡಿ.