ಕಲಗಚ್ಚಿನ ಬಾನಿಯಿಂದ ಹಸಿ ಕಸದ ಬುಟ್ಟಿಗೆ: ಅತ್ತೆಯವರ ಜೊತೆ ನನ್ನ ಅನುಭವ

ನನ್ನ ಅತ್ತೆಯವರಿಗೆ ಈಗ 79 ವರ್ಷ. ಬೆಳಗಿನ ತಿಂಡಿ ತಿಂದದ್ದನ್ನು ಹತ್ತು ಗಂಟೆಯ ಹೊತ್ತಿಗೆ ಮರೆತಿರುವ ಅವರು ಹಸಿ ಕಸವನ್ನೂ ಒಣ ಕಸವನ್ನೂ ತಾವಾಗಿಯೇ ಬೇರೆ ಮಾಡುತ್ತಾರೆಂದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ನಂಬುತ್ತಿರಲಿಲ್ಲ. ‘ಈ ವಯಸ್ಸಿನಲ್ಲಿ ಕಲಿಸಲಾಗುವುದಿಲ್ಲ, ಅವರನ್ನು ಅಡುಗೆಮನೆಗೇ ಬಿಡಬೇಡಿ’ ಎಂದು ಎದುರುಮನೆಯವರು ಸಲಹೆ ಕೊಟ್ಟಿದ್ದರು. ಸುಮಾರು ಎಂಟು ತಿಂಗಳಿಂದ ನಮ್ಮ ಮನೆಯ ಕಸ ಒಮ್ಮೆಯೂ ವಾಪಸು ಬಂದಿಲ್ಲ.

ಹೈಕೋರ್ಟು 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆಲ್ಲ ವಿಧಿಸಿದ ‘ಎರಡು ಬುಟ್ಟಿ, ಒಂದು ಚೀಲ’ದ ಕ್ರಮ ನಿಮ್ಮಲ್ಲಿ ಹಲವರಿಗೆ ರೂಢಿಯಾಗಿರುತ್ತದೆ: ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡೈಪರಿನಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಾನೂ ಅದರಿಂದಲೇ ಆರಂಭಿಸಿ, ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆಯುವ ಹಸಿರು, ಕೆಂಪು ಬುಟ್ಟಿಗಳನ್ನು ತಂದೆ. ಎರಡಕ್ಕೂ ಸೇರಿ 1,800 ರೂಪಾಯಿಯಷ್ಟಾಗಿರಬೇಕು. ಒಂದು ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲದ ಅತ್ತೆಯವರಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುತ್ತಿರಲಿಲ್ಲ, ಮುಚ್ಚಳ ಮುಚ್ಚಿದ ಮೇಲೆ ಒಳಗೆ ಏನಿದೆ ಎಂಬುದೂ ತಿಳಿಯುತ್ತಿರಲಿಲ್ಲ. ತರಕಾರಿಯ ಚಿತ್ರಗಳನ್ನು ಮುದ್ರಿಸಿ, ಲ್ಯಾಮಿನೇಶನ್ ಮಾಡಿಸಿ ಅಂಟಿಸಿದೆ. ಅದಕ್ಕೆ ಇನ್ನೊಂದು 300 ರೂಪಾಯಿ ಹೋಯಿತು. ದಿನಕ್ಕೆ ಹತ್ತು ಸಲ ತಿದ್ದಿದಾಗ ‘ನಾನೇನು ಮಗುವೇನಮ್ಮಾ?’ ಎಂದು ಕಣ್ಣಲ್ಲಿ ನೀರು ತಂದುಕೊಂಡವರು ಎರಡು ದಿನ ಅಡುಗೆಮನೆಯ ಕಡೆಗೇ ಬರಲಿಲ್ಲ. ಹೋದ ಹಣಕ್ಕಿಂತ ಅದು ನನ್ನನ್ನು ಹೆಚ್ಚು ನೋಯಿಸಿತು.

ಒಂದು ಬೆಳಗ್ಗೆ ಕಸದ ಆಟೋದವರು ಕಲಸಿದ ಕಸವೆಂದು ನಮ್ಮ ಚೀಲವನ್ನು ಬಾಗಿಲಲ್ಲೇ ಬಿಟ್ಟುಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನ ಕಲಸಿದ ಕಸವನ್ನು ನಗರದ ಹೊರಗಿನ ಮಂಡೂರು ಎಂಬ ಹಳ್ಳಿಯಲ್ಲಿ ಸುರಿದದ್ದಕ್ಕೆ ಅಲ್ಲಿಯ ಜನ 2014ರಲ್ಲಿ ಬೀದಿಗಿಳಿದದ್ದನ್ನು ಬಲ್ಲ ನನಗೆ ಅಂಥ ಚೀಲವನ್ನು ಮತ್ತೊಬ್ಬರ ಕೈಗೆ ಕೊಡಲು ಮನಸ್ಸೂ ಬರಲಿಲ್ಲ. ಕೈಗವಸು ಹಾಕಿಕೊಂಡು ಕಾಗದದ ಮೇಲೆ ಸುರಿದು ಆರಿಸಿದಾಗ, ಹಾಗಲಕಾಯಿಯ ತಿರುಳಿನ ನಡುವೆ ಅತ್ತೆಯವರ ಎಡಗಿವಿಯ ಓಲೆ ಸಿಕ್ಕಿತು. ಅಂದಿನಿಂದ, ಕಸ ಕೊಡುವ ಮೊದಲು ಒಮ್ಮೆ ಕೆದಕಿ ನೋಡದೆ ನಾನು ಯಾವುದನ್ನೂ ಹೊರಗಿಡುವುದಿಲ್ಲ.

ದಾರಿ ತೋರಿಸಿದ್ದು ಅತ್ತೆಯವರೇ. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ಪಾತ್ರೆಯಲ್ಲಿ ಹಿಡಿದುಕೊಂಡು ನಿಂತು, ‘ಕಲಗಚ್ಚಿನ ಬಾನಿ ಎಲ್ಲಿಟ್ಟಿದ್ದೀಯಮ್ಮಾ?’ ಎಂದು ಒಂದು ದಿನ ಕೇಳಿದರು. ಹಾಸನದ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಹಸು ಸಾಕಿದವರು ಅವರು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಗಳನ್ನು ಹಸುವಿಗೆಂದು ಕೂಡಿಡುವುದೇ ಕಲಗಚ್ಚು. ದನದ ಬಾಯಿಗೆ ಹೋಗುವುದರಲ್ಲಿ ದಾರದ ಎಳೆಯೂ ಇರಬಾರದೆಂಬುದು ಅವರ ಕೈಗೇ ಗೊತ್ತು. ಮರುದಿನವೇ ಗುಜರಿ ಅಂಗಡಿಯಿಂದ ಹಳೆಯ ಅಲ್ಯೂಮಿನಿಯಂ ಬಾನಿಯೊಂದನ್ನು 220 ರೂಪಾಯಿಗೆ ತಂದು, ಅವರು ಬಗ್ಗಬೇಕಾಗದಂತೆ ಸಿಂಕಿನ ಎಡಕ್ಕೆ ಗಿಡ್ಡ ಸ್ಟೂಲಿನ ಮೇಲೆ ಮುಚ್ಚಳವಿಲ್ಲದೆ ಇಟ್ಟೆ. ನೀರು ಬಸಿಯಲೆಂದು ಒಳಗೊಂದು ತೂತಿನ ಬುಟ್ಟಿ ಕೂರಿಸಿದೆ. ಕೆಳಗೆ ನಿಂತ ನೀರು ಗಿಡಗಳಿಗೆ ಹೋಗುತ್ತದೆ. ಒಣ ಕಸಕ್ಕೆ ಬಿದಿರಿನ ಮಂಕರಿ ಇಟ್ಟೆ. ಹಂಡೆ ಒಲೆಗೆಂದು ಕರಟ, ಕಾಗದ, ರಟ್ಟು ಕೂಡಿಡುತ್ತಿದ್ದ ಅಭ್ಯಾಸ ಅವರನ್ನು ಅದರ ಬಳಿಗೆ ತಾನಾಗಿ ಕರೆದೊಯ್ಯಿತು. ನಾನು ಒಂದು ಮಾತನ್ನೂ ಕಲಿಸಲಿಲ್ಲ. ನಾಲ್ಕೈದು ದಿನಗಳಲ್ಲಿ ಹತ್ತರಲ್ಲಿ ಎಂಟು ಪಾಲು ಸರಿಯಾಗಿ ಬೀಳತೊಡಗಿತು.

ಉಳಿದ ಎರಡು ಪಾಲನ್ನು ನಾನು ಸರಿಪಡಿಸಿಕೊಳ್ಳುತ್ತೇನೆ. ಹಸುವಿಗೆ ಈರುಳ್ಳಿ ಹಾಕಬಾರದೆಂದು ಅವರು ಅದರ ಸಿಪ್ಪೆಯನ್ನು ಮಂಕರಿಗೆ ಹಾಕುತ್ತಾರೆ. ರಾತ್ರಿ ಅವರು ಮಲಗಿದ ಮೇಲೆ ಅದನ್ನು ಆರಿಸಿ ಹಸಿ ಕಸಕ್ಕೆ ಸೇರಿಸುತ್ತೇನೆ, ಎದುರಿಗೆ ತಿದ್ದುವುದಿಲ್ಲ. ಕೆಂಪು ಬುಟ್ಟಿಯನ್ನು ಬಚ್ಚಲುಮನೆಗೆ ಸಾಗಿಸಿ, ಅದರ ಜವಾಬ್ದಾರಿಯನ್ನೂ ಮಾತ್ರೆಯ ಸ್ಟ್ರಿಪ್ಪುಗಳ ಜವಾಬ್ದಾರಿಯನ್ನೂ ಪೂರ್ತಿ ನಾನೇ ಇಟ್ಟುಕೊಂಡಿದ್ದೇನೆ. ‘ಹಸು ಎಲ್ಲಿ ಕಟ್ಟಿದ್ದೀರಿ?’ ಎಂದು ಅವರು ಕೇಳುವುದುಂಟು. ಆ ಪ್ರಶ್ನೆಗೆ ನಾನು ಕೊಡುವ ಉತ್ತರ ನಮ್ಮಿಬ್ಬರ ನಡುವಿನದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಹಾಲಿನ ಪ್ಯಾಕೆಟ್ಟಿಗೆ ಬೇರೆಯೇ ಉಪಾಯ ಬೇಕಾಯಿತು. ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಆ ಪುಟ್ಟ ತುಂಡು ಹಸಿ ಕಸಕ್ಕೆ ಸೇರಿ ಮತ್ತೆ ಕೈಗೆ ಸಿಗುವುದಿಲ್ಲ. ದೊಡ್ಡ ಕತ್ತರಿಯನ್ನು ಎತ್ತಿಟ್ಟು, ಅಲಗು ಚಿಕ್ಕದಿರುವ ಕತ್ತರಿಯೊಂದನ್ನು ಇಟ್ಟೆ. ಒಂದೇ ಸಲಕ್ಕೆ ಅದು ಪೂರ್ತಿ ಕತ್ತರಿಸದ ಕಾರಣ ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರುತ್ತದೆ. ತೊಳೆದ ಪ್ಯಾಕೆಟ್ಟುಗಳನ್ನು ಅವರು ಬಟ್ಟೆಯ ಕ್ಲಿಪ್ಪು ಹಾಕಿ ಬಾಲ್ಕನಿಯ ಹಗ್ಗದ ಮೇಲೆ ಸಾಲಾಗಿ ಒಣಗಿಸುತ್ತಾರೆ. ಕಾಗದದ ಜೊತೆ ಅವನ್ನೂ ಮಾರಿದರೆ ಎರಡು ತಿಂಗಳಿಗೊಮ್ಮೆ 150 ರೂಪಾಯಿಯ ಹತ್ತಿರ ಬರುತ್ತದೆ. ಅದನ್ನು ಅವರ ಎಲೆಅಡಿಕೆ ಚೀಲಕ್ಕೇ ಹಾಕುತ್ತೇನೆ.

ನಡುವೆ ಮಣ್ಣಿನ ಮಡಕೆಯಲ್ಲಿ ಗೊಬ್ಬರ ಮಾಡಲು ಹೋಗಿ ಮೊದಲ ಸಲ ಹುಳುವಾಗಿ, ವಾಸನೆ ಬಂದು ಎಲ್ಲವನ್ನೂ ಎಸೆಯಬೇಕಾಯಿತು. ಎರಡನೆಯ ಸಲ ಅತ್ತೆಯವರು ಮಡಕೆಯೊಳಗೆ ಕೈಯಾಡಿಸಿ, ‘ನೀರು ಜಾಸ್ತಿಯಾಗಿದೆ, ತರಗು ಹಾಕು’ ಎಂದರು. ಪದರಕ್ಕೊಂದು ಹಿಡಿ ಒಣ ಎಲೆ, ಸ್ವಲ್ಪ ಹಳೆಯ ಗೊಬ್ಬರ, ಹುಳಿ ಮಜ್ಜಿಗೆ ಹಾಕುತ್ತಾ ಹೋದೆವು. ಐವತ್ತು ದಿನಗಳ ಸುಮಾರಿಗೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಯಿತು. ಮಜ್ಜಿಗೆಯ ಅಳತೆ ಅವರ ಕೈಯದು, ಕೇಳಿದವರಿಗೆ ಮನೆಗೆ ಬಂದು ನೋಡಿ ಎನ್ನುತ್ತೇನೆ.

ಕಳೆದ ತಿಂಗಳು ಅತ್ತೆಯವರು ಹದಿನೈದು ದಿನಕ್ಕೆಂದು ನಾದಿನಿಯ ಮನೆಗೆ ಹೊರಟಾಗ, ಅವರ ಸೀರೆಗಳ ಚೀಲದ ಪಕ್ಕದಲ್ಲಿ ಆ ಬಾನಿಯನ್ನೂ ಗಿಡ್ಡ ಸ್ಟೂಲನ್ನೂ ಕಾರಿನಲ್ಲಿಟ್ಟು ಕಳುಹಿಸಿದೆ. ಸಿಂಕಿನ ಎಡಕ್ಕೇ ಇಡಬೇಕೆಂದು ನಾದಿನಿಗೆ ಎರಡು ಸಲ ಹೇಳಿದ್ದೇನೆ.