ಕಮ್ಮಾರನೋ ಬಡಿಗನೋ: ಮನೆತನದ ಹಿರಿಯನನ್ನು ಹುಡುಕಿದ ಬಗೆ

ನಮ್ಮ ಅಡ್ಡಹೆಸರು ಬಡಿಗೇರ. ಮನೆಯಲ್ಲಿ ತಲೆತಲಾಂತರದಿಂದ ಬಂದ ಮಾತು ಮಾತ್ರ ‘ನಾವು ಕುಲುಮೆಯವರು’ ಎಂದು. ನವಲಗುಂದ ಸೀಮೆಯ ಊರುಗಳಲ್ಲಿ ಕೂರಿಗೆಯ ಮರಗೆಲಸವನ್ನೂ ನೇಗಿಲಿನ ಕಬ್ಬಿಣದ ಕುಡ ಹಣಿಯುವುದನ್ನೂ ಒಂದೇ ಮನೆಯವರು ಮಾಡುತ್ತಿದ್ದುದುಂಟು. ದಾಖಲೆ ಬರೆಯುವವರು ತಮಗೆ ತೋಚಿದ ಕಸುಬನ್ನು ಹೆಸರಿನ ಮುಂದೆ ಸೇರಿಸಿದ್ದಾರೆ. ನೆರೆಯ ಒಕ್ಕಲು ಮನೆಗಳಿಗೆ ವಂಶಾವಳಿ ಹೇಳಲು ಹೆಳವರು ಬರುತ್ತಿದ್ದರು. ನಮ್ಮ ಮನೆಗೆ ಯಾರೂ ಬಂದದ್ದಿಲ್ಲ. ನನಗಿದ್ದ ಆಧಾರ ಹಳೆಯ ಕಾಗದಗಳೇ.

ಹೆಸರನ್ನು ನಂಬಿ ಹೊರಡುವಂತಿರಲಿಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಜೊತೆಗೆ ನಮ್ಮವರು ನಡೆದುಕೊಳ್ಳುವ ಶಿರಸಂಗಿಯ ಕಾಳಮ್ಮ, ತಿಂಥಣಿಯ ಮೌನೇಶ್ವರರ ಹೆಸರುಗಳೇ ನಮ್ಮವರ ಮನೆಮನೆಯಲ್ಲೂ. ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ ಇಬ್ಬರು ಕಾಳಪ್ಪಂದಿರು ಸಿಕ್ಕರು. ಆದ್ದರಿಂದ ನಾನು ಬೆನ್ನು ಹತ್ತಿದ್ದು ಹೊಲವನ್ನು.

ಅದು ಆಯಗಾರನ, ಅಂದರೆ ಊರಿನ ಕಸುಬುದಾರನ, ಸೇವೆಗೆಂದು ಊರು ಬಿಟ್ಟುಕೊಟ್ಟಿದ್ದ ಇನಾಂ ಹೊಲ. ಇಂಥ ಇನಾಮುಗಳು 1953ರ ಮುಂಬಯಿ ಕಾಯ್ದೆಯಿಂದ ರದ್ದಾದವು. ಧಾರವಾಡ ಆಗ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಹೊಲ ಯಾರ ಹೆಸರಿಗೆ ಬಂತೆಂಬುದು ತಾಲ್ಲೂಕು ಕಚೇರಿಯ ಕೈಬರಹದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಸಿಕ್ಕಿತು. ಉತಾರದಲ್ಲಿ ಹೆಸರಿನ ಪಕ್ಕ ಸಣ್ಣದೊಂದು ಅಂಕಿ ಇರುತ್ತದೆ. ಅದನ್ನು ಬರೆದುಕೊಳ್ಳದೆ ಹಿಂತಿರುಗಬೇಡಿ. ಹಕ್ಕು ಬದಲಾವಣೆ ರಿಜಿಸ್ಟರಿನಲ್ಲಿ ಆ ನೋಂದಣಿಯನ್ನು ತೆಗೆಸಲು ಬೇಕಾದದ್ದು ಅದೇ. ಹೀಗೆ ಒಂದೊಂದೇ ವಾರಸಾ ನೋಂದಣಿ ಹಿಡಿದು ಹಿಂದಕ್ಕೆ ಹೋದೆ. ತೀರಿಕೊಂಡವರು ಯಾರು, ಮಕ್ಕಳು ಯಾರು, ಹೆಂಡತಿ ಬದುಕಿದ್ದಾಳೆಯೇ ಎಂಬುದೆಲ್ಲ ಅಲ್ಲಿದೆ. ಇಬ್ಬರು ಕಾಳಪ್ಪಂದಿರನ್ನು ಕೊನೆಗೆ ಬೇರ್ಪಡಿಸಿದ್ದು ಒಬ್ಬನ ವಿಧವೆಯ ಹೆಸರು. ನಮ್ಮ ವಂಶಾವಳಿಗಳಲ್ಲಿ ಹೆಂಗಸರ ಹೆಸರೇ ಇರುವುದಿಲ್ಲ ಎಂಬುದು ನನಗೆ ಆಗ ಬಹಳ ನೋವುಂಟುಮಾಡಿತು.

ಮುಂಬಯಿ ಪ್ರಾಂತ್ಯದಲ್ಲಿ ಹಕ್ಕುದಾಖಲೆಗೆ ಕಾಯ್ದೆ ಬಂದದ್ದೇ 1903ರಲ್ಲಿ. ಅದರಾಚೆಗೆ ನೆರವಾದದ್ದು, ಇನಾಂ ಹೊಲಗಳ ಹಕ್ಕನ್ನು ವಿಚಾರಿಸಿದ ಬ್ರಿಟಿಷರ ಇನಾಂ ಕಮಿಷನ್ ಕಾಲದ ಹೇಳಿಕೆಯ ನಕಲು. ಆ ಕಮಿಷನ್ನಿನ ಕಾಯ್ದೆ 1852ರದ್ದು. ಹೊಲ ಯಾರು ಕೊಟ್ಟರು, ಬದಲಿಗೆ ಏನು ಸೇವೆ, ಅಪ್ಪ ಯಾರು, ಅಜ್ಜ ಯಾರು ಎಂದು ಇನಾಂ ಉಣ್ಣುವವನೇ ಹೇಳಿ ಬರೆಸಿದ್ದು. ಮೂಡಲಿಗೆ ಹಳ್ಳ, ಪಡುವಲಿಗೆ ಗೌಡರ ಹೊಲ ಎಂಬ ಚಕ್ಕುಬಂದಿ ನಮ್ಮ ಸರ್ವೆ ನಂಬರಿಗೆ ತಾಳೆಯಾಯಿತು. ಆದರೆ ಅಲ್ಲಿಯೂ ಅಜ್ಜನನ್ನು ‘ಬಡಿಗ’ ಎಂದೇ ಕಾಣಿಸಿದ್ದರು.

ಉತ್ತರ ಸಿಕ್ಕಿದ್ದು ಊರಿನ ಹಳೆಯ ಕುಲಕರ್ಣಿ ಮನೆತನದವರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾಗದದ ಕಟ್ಟಿನಲ್ಲಿ, ಅಂದರೆ ರುಮಾಲಿನಲ್ಲಿ. ಗಡಿ ತಕರಾರಿನ ಒಂದು ಮಹಜರು, ಮರಾಠಿಯ ಹಳೆಯ ಓಡುಬರಹವಾದ ಮೋಡಿ ಲಿಪಿಯಲ್ಲಿ. ಮೋಡಿ ಬಲ್ಲ ಹಿರಿಯರೊಬ್ಬರು ಓದಿದರು: ‘ಸಲಾಸ ಅಶರ ಮಯತೈನ ವ ಅಲಫ್’. ಮೂರು, ಹತ್ತು, ಇನ್ನೂರು, ಸಾವಿರ. ಅಂದರೆ ಮರಾಠರ ಕಾಗದಗಳಲ್ಲಿ ಅರಬ್ಬಿ ಪದಗಳಿಂದ ಬರೆಯುತ್ತಿದ್ದ ವರ್ಷ, ಶುಹೂರ್ ಸನ್ 1213. ಅದಕ್ಕೆ 599 ಕೂಡಿಸಿದರೆ 1812, ವರ್ಷದ ಕೊನೆಯ ತಿಂಗಳುಗಳಾದರೆ 1813. ಇನ್ನೂ ಪೇಶ್ವೆಯರ ಆಳ್ವಿಕೆ. ಕೆಳಗೆ ಸಾಕ್ಷಿಗಳ ಸಾಲು. ಸಹಿ ಬಾರದವರು ಆಗ ತಮ್ಮ ಕಸುಬಿನ ಗುರುತನ್ನು, ಅಂದರೆ ನಿಶಾಣಿಯನ್ನು ಹಾಕುತ್ತಿದ್ದರು. ಒಕ್ಕಲಿಗನ ಹೆಸರಿನ ಪಕ್ಕ ನೇಗಿಲು. ನಮ್ಮ ಹಿರಿಯನ ಹೆಸರಿನ ಪಕ್ಕ ಉಳಿಯಲ್ಲ, ಬಾಚಿಯಲ್ಲ, ಇಕ್ಕಳ. ಎರಡು ಗೆರೆ ಬಾಯಿ ತೆರೆದಿವೆ, ನಡುವೆ ತಿರುಗಣಿಯ ಒಂದು ಚುಕ್ಕೆ. ಬರೆಯುವವರು ಏನೆಂದೇ ಬರೆದಿರಲಿ, ಈ ಗುರುತು ಅವನದೇ ಆಯ್ಕೆ. ಅವನ ಅಪ್ಪನ ಹೆಸರೂ ಅದೇ ಸಾಲಿನಲ್ಲಿದೆ, ಇನಾಂ ಹೇಳಿಕೆಯೊಂದಿಗೆ ಸರಿಹೊಂದುತ್ತದೆ. ಆತ ನಮ್ಮವನೇ, ಕಮ್ಮಾರನೇ ಎಂದು ನಾನು ಒಪ್ಪಿಕೊಂಡದ್ದು ಈ ಎರಡೂ ಕೂಡಿದ ಮೇಲೆ.

ಇದಕ್ಕೂ ಹಿಂದಿನ ಕಾಗದವೇನಾದರೂ ಉಳಿದಿದ್ದರೆ ಅದು ಪುಣೆಯ ಪೇಶ್ವೆ ದಫ್ತರದಲ್ಲಿರಬೇಕು, ಅದೂ ಮೋಡಿಯಲ್ಲೇ. ಪ್ರತಿ ಸಲ ಇನ್ನೊಬ್ಬರಿಂದ ಓದಿಸುವುದು ಆಗದ ಮಾತು, ಅದಕ್ಕೇ ಮೋಡಿ ಕಲಿಯುತ್ತಿದ್ದೇನೆ. ಅಂಕಿಗಳು, ತಿಂಗಳುಗಳು ಈಗ ಓದಲು ಬರುತ್ತಿವೆ, ಹೆಸರುಗಳು ಇನ್ನೂ ತೊಡಕು.